ಮೆಚ್ಚಿಸುವೆನು

ಕ್ವಿನೈನ್ ಬರುತ್ತಿದ್ದ ಜಾವಾ ದ್ವೀಪ ಜಪಾನಿಯರ ವಶವಾದ ಮರುವರ್ಷ ಸವಣೂರಿನ ಪರಮೇಶಪ್ಪ ಡಾಕ್ಟರ ಕ್ವಿನೈನ್ ಡಬ್ಬಿ ಬರಿದಾಯಿತು. ಚಳಿಜ್ವರಕ್ಕೆ ಅವರಲ್ಲಿ ಬೇರೆ ಔಷಧವಿರಲಿಲ್ಲ. ಹುಬ್ಬಳ್ಳಿಯಲ್ಲಿ ಇನ್ನೂ ಒಂದಿಷ್ಟು ಸಿಗುತ್ತಿತ್ತು.

ಎಲೆತೋಟದ ಉಳಿವೆಪ್ಪನಿಗೆ ಚಳಿಜ್ವರ ಹಿಡಿದಿತ್ತು. ಅವನ ಹೆಂಡತಿ ಹಾಲವ್ವ ಬಾಟಲಿ ಹಿಡಿದು ಬಂದಳು.

“ನಾಳೆ ಇವರನ್ನ ಚಕ್ಕಡ್ಯಾಗ ಯಲವಿಗಿ ಟೇಶನ್ನಿಗೆ ಒಯ್ದು ಹುಬ್ಬಳ್ಳಿ ರೈಲು ಹತ್ತಿಸ್ತೇವ್ರಿ. ಅಲ್ಲೀತನಕ ಏನರ ಕೊಡ್ರಿ. ನಾ ಬರೇ ಕೈಲೆ ಹ್ವಾದ್ರ ಇವರು ಧೈರ್ಯಾ ಬಿಡ್ತಾರ.”

ಡಾಕ್ಟರು ಸಕ್ಕರೆ ನೀರಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಇಂಥದಕ್ಕೆ ಅವರು ಓದುವಾಗ ಕಲಿತ ಲ್ಯಾಟಿನ್ ಹೆಸರು ಪ್ಲಾಸೆಬೊ; ‘ಮೆಚ್ಚಿಸುವೆನು’ ಎಂದು ಅರ್ಥ. ಕನ್ನಡದಂತೆ ಅಲ್ಲಿಯೂ ‘ನಾನು’ ಕ್ರಿಯಾಪದದ ಬಾಲದಲ್ಲೇ ಅಡಗಿರುತ್ತದೆ, ಕಾಲ ಭವಿಷ್ಯತ್ತು. ಹಿಂದೆ ಯುರೋಪಿನ ಚರ್ಚುಗಳಲ್ಲಿ ಸತ್ತವರಿಗಾಗಿ ಹಾಡುವ ಪ್ರಾರ್ಥನೆಯೊಂದು ಈ ಪದದಿಂದ ಶುರುವಾಗುತ್ತಿತ್ತು. ನೆಂಟರಲ್ಲದಿದ್ದರೂ ಊಟದಾಸೆಗೆ ಬಂದು ಅದನ್ನು ಹಾಡುವವರಿದ್ದರು. ಹಾಗೆ ಸುಳ್ಳು ಸಮಾಧಾನಕ್ಕೆ ಅಂಟಿದ ಪದ ಕೊನೆಗೆ ಔಷಧಕ್ಕೂ ಬಂತು.

ಮರುದಿನ ಉಳಿವೆಪ್ಪನಿಗೆ ಜ್ವರ ಬರಲಿಲ್ಲ. ಚಕ್ಕಡಿಗೆ ಹೂಡಿದ ಎತ್ತುಗಳನ್ನು ಬಿಚ್ಚಿದರೆಂದು ಕೇಳಿ ಡಾಕ್ಟರು ತೋಟಕ್ಕೆ ಧಾವಿಸಿದರು.

“ಇದು ದಿನಾ ಬಿಟ್ಟು ದಿನಾ ಬರೋ ಜ್ವರ. ಇವತ್ತ ಬಿಡುವು ಅಷ್ಟ. ಈಗಲೇ ಹೊರಡ್ರಿ.”

ಉಳಿವೆಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. “ನಿಮ್ಮ ಕೈಗುಣ ಇರೂವಾಗ ಹುಬ್ಬಳ್ಳಿ ಯಾಕ್ರಿ?”

“ನಾ ಕೊಟ್ಟದ್ದು ಬರೇ ಸಕ್ರಿ ನೀರು.”

ಹಾಲವ್ವ ಸೆರಗು ಬಾಯಿಗಿಟ್ಟು ನಕ್ಕಳು. “ಡಾಕ್ಟರ ಮಾತು ಕೇಳಿದ್ರ್ಯಾ?” ಎಂದು ಗಂಡನಿಗೆ ಹೇಳಿದಳು.

ತನ್ನ ಮದ್ದನ್ನು ತಾನೇ ಹೊಗಳಿದರೆ ಕೈಗುಣ ಹೋಗುತ್ತದೆಂದು ಆ ಕಡೆಯ ನಂಬಿಕೆ. ನಾಟಿ ವೈದ್ಯರೂ “ನನ್ನದೇನೈತಿ, ಬರೇ ಸೊಪ್ಪು” ಎಂದೇ ಕೊಡುತ್ತಿದ್ದರು.

“ಹಂಗಲ್ಲವ್ವಾ, ಖರೇನ ನೀರು. ಲಿಂಗದಾಣೆ.”

“ಆಣಿ ಯಾಕ ಹಾಕ್ತೀರಿ? ನೀರ ಇರಲಿ. ಕೊಟ್ಟ ಕೈ ನೀರೇನು?”

ಡಾಕ್ಟರು ಬೈದರು, ಬೇಡಿದರು. ಮಾತು ಬೆಳೆದಷ್ಟೂ ಗಂಡಹೆಂಡಿರ ನಂಬಿಕೆ ಗಟ್ಟಿಯಾಯಿತು. ಎತ್ತುಗಳು ಹೊಲಕ್ಕೆ ಹೋದವು.

ಮಾರನೆಯ ದಿನ ಕರೆ ಬಂತು. ಎರಡು ಕೌದಿ ಹೊದಿಸಿದರೂ ಉಳಿವೆಪ್ಪನ ಹಲ್ಲು ಕಟಕಟ ಅನ್ನುತ್ತಿದ್ದವು. ಮಾತು ತೊದಲುತ್ತಿತ್ತು. ಚಕ್ಕಡಿಯ ಕುಲುಕಾಟವನ್ನು ಆ ಮೈ ತಾಳುವಂತಿರಲಿಲ್ಲ.

ಹಾಲವ್ವ ಬಾಟಲಿ ತಂದಳು. ತಳದಲ್ಲಿ ಕೆಂಪು ನೀರು ಉಳಿದಿತ್ತು.

“ನಾ ಕುಡಿಸಿದ್ದು ನಾಟಲಿಲ್ರಿ. ನಿಮ್ಮ ಕೈಲೆ ಕುಡಸ್ರಿ.”

ಡಾಕ್ಟರು ಬಾಟಲಿ ಈಸಿಕೊಂಡರು. ಉಳಿವೆಪ್ಪ ಅವರ ಕೈಯನ್ನೇ ನೋಡುತ್ತ ಬಾಯಿ ತೆರೆದಿದ್ದ. ಅವರು ಅದನ್ನು ಅಲುಗಿಸಿ, ಅವನ ತಲೆಗೆ ಕೈ ಆನಿಸಿ, ಕುಡಿಸಿದರು.