ಬಾಯಿಗೆ ಬಾರದ ಹೆಸರು

ಉಸಿರು ಮೂಗಿನ ತುದಿಯಲ್ಲಿ ತಣ್ಣಗೆ ಒಳಗೆ, ಬೆಚ್ಚಗೆ ಹೊರಗೆ, ಅದನ್ನಷ್ಟೇ ನೋಡ್ರಿ ಎನ್ನುತ್ತಾಳೆ ಶೀತಲ್ ಮೇಡಂ, ಹುಮನಾಬಾದಿನ ಈ ಆಸ್ಪತ್ರೆಯ ಮಾಳಿಗೆಯಲ್ಲಿ ಚಾಪೆಯ ಮೇಲೆ ಕೂತ ನಾವು ಒಂಬತ್ತು ಹೆಂಗಸರು, ಎಲ್ಲರೂ ಕ್ಯಾನ್ಸರಿನಿಂದ ಉಳಿದವರು, ನೋಡುತ್ತೇವೆ, ನನಗೆ ಕಾಣುವುದು ಗಂಡನ ಸೀಳಿದ ಹುಬ್ಬು — ಬೆಳಿಗ್ಗೆ ಬಸವಕಲ್ಯಾಣದ ಮನೆಯಲ್ಲಿ ಹಾಲು ಉಕ್ಕುತ್ತಿತ್ತು, ಪಾತ್ರೆ ಇಳಿಸಲು ಅದು ಬೇಕಿತ್ತು, ಕಬ್ಬಿಣದ್ದು, ಎರಡು ಕಾಲಿನದು, ಹೆಸರು ಬರಲಿಲ್ಲ, ಅದು ಕೊಡ್ರಿ, ಅದು ಎಂದೆ, ಧನರಾಜ ಅದನ್ನು ಎತ್ತಿ ಹಿಡಿದು ನಕ್ಕ, ಇಕ್ಕಳ ಅನ್ನು ಜಯಮಾಲಾ, ಇಕ್ಕಳ, ಕೂಸಿಗೆ ಕಲಿಸುವ ಹಾಗೆ, ಇಪ್ಪತ್ತು ವರ್ಷ ಶಾಲೆಯಲ್ಲಿ ಮಗ್ಗಿ ಕಲಿಸಿದವಳಿಗೆ, ಕಿತ್ತುಕೊಂಡೆ, ಬೀಸಿದೆ, ಮೂಳೆಗೆ ಕಬ್ಬಿಣ ಬಡಿದ ಸದ್ದು, ಹಾಲಿನಲ್ಲಿ ಕೆಂಪು, ಇನ್ನೊಂದು ಬೀಸಬೇಕು ಅನ್ನಿಸಿತು, ಬಾಯಿಗೇ, ಕಿಮೋ ಮುಗಿದ ಎರಡು ವರ್ಷದಿಂದ ನನ್ನ ಮಾತನ್ನೆಲ್ಲ ನನಗಿಂತ ಮೊದಲು ಆಡಿ ಮುಗಿಸುವ ಆ ಬಾಯಿಗೆ — ಮನಸ್ಸು ಓಡಿದರ ಬೈಬ್ಯಾಡ್ರಿ, ಮೆಲ್ಲಕ ಉಸಿರಿಗೆ ಕರಕೊಂಡು ಬರ್ರಿ — ಪಕ್ಕದಲ್ಲಿ ಗಜಾಲಾ, ನನ್ನ ಜೊತೆಗೇ ಕಿಮೋ ತೆಗೆದುಕೊಂಡವಳು, ಈ ಧ್ಯಾನಕ್ಕೆ ಕೂತ ಆರೇ ವಾರದಲ್ಲಿ ಕಿಮೋ ಅಳಿಸಿದ ನೆನಪೆಲ್ಲ ಅವಳಿಗೆ ವಾಪಸು ಬಂತು, ನೆಂಟರ ಫೋನ್ ನಂಬರು, ಮಸಾಲೆಯ ಅಳತೆ, ನನಗೆ ಬಂದದ್ದು ತಲೆಗೂದಲು ಮಾತ್ರ, ಅವಳ ತಲೆಯನ್ನು ನೆಲಕ್ಕೆ ಬಡಿಯಬೇಕು, ಬಡಿದು ಒಳಗಿರುವುದನ್ನು ಬಾಚಿಕೊಳ್ಳಬೇಕು, ಒಂದು ತಾಸಿನ ಹಿಂದೆ ಡಾಕ್ಟರ್ ಗುರುಶಾಂತ ನನ್ನ ರಕ್ತದ ವರದಿ ಬಿಡಿಸಿ ಹೇಳಿದ್ದರು, ಎಲ್ಲರ ವಂಶವಾಹಿ ಒಂದೇ ಇರಂಗಿಲ್ರಿ, ಕೆಲವರಿಗೆ ಈ ಧ್ಯಾನದ ಗುಣ ಜಲ್ದಿ ಕಾಣಬಹುದು, ನಿಮಗ ನಿಧಾನ ಆಗಬಹುದು, ಪಕ್ಕಾ ಹೇಳಾಕ ಆಗಂಗಿಲ್ಲ, ಬಿಡಬ್ಯಾಡ್ರಿ, ಅಂದರೆ ಅವ್ವ ಅಪ್ಪ ಕೊಟ್ಟ ರಕ್ತವೂ ನನ್ನ ಮೇಲೆ ಹಗೆ ಸಾಧಿಸುತ್ತಿದೆ, ಕೊಯ್ದು ಹರಿಸಿಬಿಡಲೇ — ಗಂಟೆ ಬಡಿಯಿತು, ಕಣ್ಣು ತೆರೆದೆ, ನನ್ನ ಉಗುರು ನನ್ನ ಅಂಗೈಯನ್ನೇ ಹರಿದಿದೆ, ಗಜಾಲಾ, ಬರುವಾಗ ಧನರಾಜನ ಹುಬ್ಬನ್ನೂ ಕಂಡವಳು, ಅದನ್ನು ನೋಡಿ ಮುಷ್ಟಿ ಬಿಡಿಸಿದಳು, ನಾನೂ ಮಗಳಿಗಿ ಬಾರಿಸೀನಿ ಅಕ್ಕಾ, ಕಾದ ಸೌಟಿನಿಂದ, ಯಾರಿಗೂ ಹೇಳಿಲ್ಲ, ಇಷ್ಟೇ ಅಂದಳು, ಚಾಪೆ ಸುತ್ತತೊಡಗಿದಳು.

ಹೊರಗೆ ಬೆಂಚಿನ ಮೇಲೆ ಧನರಾಜ, ಹುಬ್ಬಿಗೆ ನಾಲ್ಕು ಹೊಲಿಗೆ, ಬೈಕಿನಿಂದ ಬಿದ್ದೆ ಎಂದು ನರ್ಸಿಗೆ ಹೇಳಿದ್ದಾನೆ, ಡಾಕ್ಟರ್ ಏನಂದ್ರು ಎಂದು ಕೇಳುತ್ತಾನೆ, ನನಗ, ನನ್ನ ರಕ್ತಕ್ಕ, ಗುಣ ಕಾಣಾಕ — ಮುಂದಿನ ಮಾತು ಇಲ್ಲ, ತಲೆಯೊಳಗೆ ಬರಿಯ ಗೋಡೆ, ಮುಷ್ಟಿ ಮತ್ತೆ ಬಿಗಿಯುತ್ತದೆ, ಅವನ ತುಟಿ ತೆರೆಯುತ್ತದೆ, ಯಾವುದೋ ಮಾತು ಅವನ ನಾಲಗೆಗೆ ಆಗಲೇ ಬಂದಿದೆ, ಹೊಡೆಯುತ್ತೇನೆ, ಈಗ ಹೊಡೆಯುತ್ತೇನೆ — ಅವನು ಬಾಯಿ ಮುಚ್ಚುತ್ತಾನೆ, ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾನೆ, ಲಾರಿಗಳು ಹಾದುಹೋಗುತ್ತವೆ, ನನ್ನ ಮಾತಿಗೆ ಕಾಯುತ್ತಾನೆ, ತುಟಿಯಲ್ಲಿ ನೆಟ್ಟ ಆ ಹಲ್ಲು, ಕಾಯುತ್ತಾನೆ, ಬಣ್ಣಗೆಟ್ಟ ತುಟಿಯಲ್ಲಿ ಆ ಹಲ್ಲು