ಮೈದಾನ ಎಲ್ಲರದಾ?

ತಂಗಿಯ ಆಟ ವೇಗನಡಿಗೆ. ಓಡುವಂತಿಲ್ಲ, ಒಂದು ಪಾದ ಸದಾ ನೆಲದ ಮೇಲಿರಬೇಕು. ಸೊಂಟ ತಿರುಗಿಸುತ್ತಾ, ಮೊಣಕೈ ಬೀಸುತ್ತಾ ಇಪ್ಪತ್ತು ಕಿಲೋಮೀಟರ್ ಹೋಗಬೇಕು. ಆ ನಡಿಗೆ ನೋಡಿದ ಓಣಿಯವರು ಅವಳಿಗೆ ‘ಬಾತು’ ಅಂತ ಹೆಸರಿಟ್ಟಿದ್ದರು. ದೇಶಕ್ಕೆ ಕಂಚು ತಂದ ಮೇಲೂ ಹೆಸರು ಬದಲಾಗಲಿಲ್ಲ, ಕರೆಯುವ ದನಿಗೆ ಕೊಂಚ ಮರ್ಯಾದೆ ಸೇರಿಕೊಂಡಿತು, ಅಷ್ಟೇ.

ಅಕ್ಕ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಹೋಟೆಲಿಗೆ ಹೋದರೂ ಮೆನುವಿನ ಕಾಗುಣಿತ ಸರಿ ಮಾಡಿಯೇ ಆರ್ಡರ್ ಹೇಳುವ ಪೈಕಿ.

ಪದಕ ಬಂದ ದಿನ ಟೀವಿಯವರು ಬಾತುವನ್ನು “ಎಲ್ಲಿ ಅಭ್ಯಾಸ ಮಾಡ್ತೀರಿ?” ಅಂತ ಕೇಳಿದರು. “ಬಸ್ ಡಿಪೋ ಸುತ್ತ,” ಅಂದಳು. “ಊರ ಮೈದಾನವನ್ನ ನಗರಸಭೆಯೋರು ಒಂದು ಕ್ಲಬ್ಬಿಗೆ ಕೊಟ್ಟು ಬೀಗ ಹಾಕಿದ್ದಾರಲ್ಲ! ಮೈದಾನ ಎಲ್ಲರದು.”

ಎರಡು ವಾರಕ್ಕೆ ಒಂದು ಶೂ ಕಂಪನಿಯ ಪ್ರಚಾರದ ಮೇಡಂ ಮನೆ ಹುಡುಕಿಕೊಂಡು ಬಂದರು. “ನಮ್ಮ ಬ್ರ್ಯಾಂಡು ಈಗ ನಿಲುವು ತಗೊಳ್ಳುತ್ತೆ. ಯುವಕರಿಗೆ ನಿಲುವಿರೋ ಶೂ ಬೇಕು,” ಅಂದರು. ನಿಲುವಿರುವ ಶೂ ಹಾಕಿಕೊಂಡು ನಡೆಯುವುದು ಹೇಗೆ ಅಂತ ಬಾತುವಿಗೆ ನಗು ಬಂತು. ಅಕ್ಕ ಒಪ್ಪಂದವನ್ನು ಮೂರು ಸಲ ಓದಿ, ‘ಕ್ರೀಡಾಪಟುವಿನ ಮಾತನ್ನು ಅವಳ ಒಪ್ಪಿಗೆಯಿಲ್ಲದೆ ಬದಲಿಸತಕ್ಕದ್ದಲ್ಲ’ ಎಂಬ ಸಾಲು ಸೇರಿಸಿಯೇ ಸಹಿ ಹಾಕಿಸಿದಳು.

ಊರ ತುಂಬ ಫಲಕಗಳೆದ್ದವು. ಬಾತುವಿನ ಬೆವರಿದ ಮುಖ, ಕೆಳಗೆ ದಪ್ಪಕ್ಷರದಲ್ಲಿ ‘ಮೈದಾನ ಎಲ್ಲರದು.’ ನಾಲ್ಕು ದಿನ ಅಕ್ಕ ಅವನ್ನು ನೋಡಲೆಂದೇ ಮುದ್ರಣಾಲಯಕ್ಕೆ ಸುತ್ತು ದಾರಿಯಲ್ಲಿ ಹೋದಳು.

ಐದನೇ ದಿನ ಬಸ್ಸಿನ ಕಿಟಕಿಯಿಂದ ನೋಡಿದವಳು ತನ್ನ ನಿಲ್ದಾಣಕ್ಕೆ ಮುಂಚೆಯೇ ಇಳಿದುಬಿಟ್ಟಳು. ಫಲಕ ಹೊಸದಾಗಿತ್ತು: ‘ಮೈದಾನ ಎಲ್ಲರದಾ?’

ನೇರವಾಗಿ ಕಂಪನಿಯ ಆಫೀಸಿಗೇ ಹೋದಳು. ಮೇಡಂ ಕಾಫಿ ತರಿಸಿದರು. “ನಗರಸಭೆಯಿಂದ ಫೋನ್ ಬಂತು. ಶಾಲೆ ಮಕ್ಕಳ ಶೂ ಟೆಂಡರ್ ಅವರ ಕೈಲೇ ಇರೋದು, ನೋಡಿ. ಹಾಗಂತ ನಾವು ನಿಲುವು ಬಿಟ್ಟಿಲ್ಲ. ಚರ್ಚೆಗೆ ಬಿಟ್ಟಿದ್ದೀವಿ.”

“ಒಪ್ಪಂದದಲ್ಲಿ ಮಾತು ಬದಲಿಸಬಾರದು ಅಂತಿದೆ.”

“ಮಾತೆಲ್ಲಿ ಬದಲಾಯ್ತು? ಒಂದು ದೀರ್ಘ, ಒಂದು ಚಿಹ್ನೆ.”

“ಮೇಡಂ, ಹದಿನೆಂಟು ವರ್ಷದಿಂದ ನಾನು ಅನ್ನ ತಿನ್ನುತ್ತಿರೋದೇ ಆ ದೀರ್ಘ, ಆ ಚಿಹ್ನೆಗಳಿಂದ.”

ಮೇಡಂ ನಕ್ಕರು, ಕಾನೂನು ವಿಭಾಗಕ್ಕೆ ಬರೆಯಿರಿ ಅಂದರು. ಅಕ್ಕ ಕಾಫಿಯನ್ನು ಮುಟ್ಟದೆ ಎದ್ದು ಬಂದಳು.

ಸಂಜೆ ಡಿಪೋ ಹತ್ತಿರ ಅಕ್ಕ ತಂಗಿ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದರು. ತಂಗುದಾಣದ ಗೋಡೆ ಮೇಲೂ ಅದೇ ಪೋಸ್ಟರ್. ಅಕ್ಕ ಇನ್ನೂ ಕುದಿಯುತ್ತಿದ್ದಳು. ಬಾತು ಮಾತ್ರ ತನ್ನ ಮುಖವನ್ನೇ ತಲೆ ಓರೆ ಮಾಡಿ ನೋಡಿದಳು.

“ಅಕ್ಕಾ, ಪ್ರಶ್ನೆ ಕೇಳಿದ್ದಾರಲ್ಲ, ಉತ್ತರ ಹೇಳೋದು ಬೇಡ್ವಾ?”

ಅಕ್ಕನ ಚೀಲದಿಂದ ಕೆಂಪು ಸ್ಕೆಚ್ ಪೆನ್ ಎಳೆದುಕೊಂಡು, ತನ್ನದೇ ಗದ್ದದ ಕೆಳಗೆ ‘ಹೌದು’ ಅಂತ ಬರೆದಳು. ಅಕ್ಷರ ಸೊಟ್ಟಗಿತ್ತು. ಅಕ್ಕನ ಕೈ ತುರಿಸಿತಾದರೂ ತಿದ್ದಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ನರ್ಸ್ ಒಬ್ಬಳು ಫೋಟೊ ತೆಗೆದುಕೊಂಡು, “ನಾನೂ ಬರೀಲಾ?” ಅಂತ ಪೆನ್ ಇಸಿದುಕೊಂಡಳು.

ಮಾರನೇ ದಿನ ಆ ಫೋಟೊ ಎಲ್ಲರ ಫೋನಿನಲ್ಲಿತ್ತು. ವಾರ ಕಳೆಯುವುದರೊಳಗೆ ಊರಿನ ಒಂದು ಪೋಸ್ಟರೂ ಬರಿದಾಗಿ ಉಳಿಯಲಿಲ್ಲ. ಸೀಮೆಸುಣ್ಣದಲ್ಲಿ ಹೌದು, ಲಿಪ್‌ಸ್ಟಿಕ್ಕಿನಲ್ಲಿ ಹೌದು. ಒಬ್ಬ ಮಹಾಶಯ ‘ಅದರಲ್ಲೇನು ಅನುಮಾನ’ ಅಂತ ಪೂರ್ತಿ ವಾಕ್ಯವನ್ನೇ ಬರೆದಿದ್ದ. ಹತ್ತನೇ ದಿನಕ್ಕೆ ನಗರಸಭೆ ಸುಸ್ತಾಗಿ, ಬೆಳಿಗ್ಗೆ ಎಂಟರವರೆಗೆ ಮೈದಾನ ಸಾರ್ವಜನಿಕರಿಗೆ ಮುಕ್ತ ಅಂತ ಪ್ರಕಟಿಸಿತು.

ಮೇಡಂ ಫೋನ್ ಮಾಡಿದರು. ದನಿಯಲ್ಲಿ ಜೇನು. “ಎಂಥಾ ಯಶಸ್ಸು! ಜನ ಉತ್ತರ ಬರೀಲಿ ಅಂತಲೇ ನಾವು ಪ್ರಶ್ನೆ ಮಾಡಿದ್ದು. ಮುಂದಿನ ಜಾಹೀರಾತಿಗೆ ಬೇರೆ ಯಾವುದಾದ್ರೂ ನಿಲುವು ಇದ್ಯಾ ನಿಮ್ಮ ಹತ್ರ?”

“ಇದೆ,” ಅಂದಳು ಬಾತು. “ಜಾಹೀರಾತು ಬೇಡ ಅನ್ನೋದು.” ಫೋನಿಟ್ಟ ಮೇಲೆ ಒಂದು ಗಳಿಗೆ ಪೆಚ್ಚಾದಳು. ಶೂ ನಿಜಕ್ಕೂ ಚೆನ್ನಾಗಿದ್ದವು.

ಮೈದಾನ ತೆರೆದ ಬೆಳಿಗ್ಗೆ ಅಕ್ಕನೂ ಜೊತೆಗೆ ಹೋದಳು. ಹೋಗಿ ನೋಡಿದರೆ ಇಡೀ ಊರೇ ಅಲ್ಲಿ! ಬಾತು ಗಡಿಯಾರ ಒತ್ತಿ ಹೊರಟು ಐವತ್ತು ಹೆಜ್ಜೆ ಹಾಕುವಷ್ಟರಲ್ಲಿ, ಸಕ್ಕರೆ ಕಾಯಿಲೆಯ ಕತೆ ಹೇಳಿಕೊಳ್ಳುತ್ತಿದ್ದ ಇಬ್ಬರು ಮಾವಂದಿರ ಹಿಂದೆ ಸಿಕ್ಕಿಬಿದ್ದಳು. “ಸೈಡ್, ಸೈಡ್!” ಅಂದರೆ ಇಬ್ಬರೂ ಒಂದೇ ಕಡೆ ಸರಿದು ಇನ್ನಷ್ಟು ಅಡ್ಡವಾದರು. ಮೆಟ್ಟಿಲ ಮೇಲೆ ಕೂತ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೂರನೇ ಸುತ್ತಿನಲ್ಲಿ ದಪ್ಪನೆಯ ಅಜ್ಜಿಯೊಬ್ಬರು ಬಾತುವಿನ ತೋಳು ಹಿಡಿದು ನಿಲ್ಲಿಸಿದರು. “ಮಗಾ, ಆ ಸೊಂಟ ಹೇಗೆ ತಿರುಗಿಸೋದು, ನಂಗೂ ಒಂಚೂರು ತೋರಿಸು.”

ಬಾತು ಗಡಿಯಾರ ನೋಡಿದಳು, ಅಜ್ಜಿಯನ್ನು ನೋಡಿದಳು. ಗಡಿಯಾರ ನಿಲ್ಲಿಸಿ, “ಮೊದಲು ಮೊಣಕೈ ಮಡಚಿ, ಅಜ್ಜಿ,” ಅಂದಳು.