ಸಾಕು ಅನ್ನೋ ಮಾತು

ನಾನು ಬ್ಲೌಸ್ ಹೊಲಿಯುವವಳು. ಮಷೀನಿಗಿಂತ ನನ್ನ ಬಾಯಿ ಜೋರು ಅಂತ ಗಿರಾಕಿಗಳೇ ಹೇಳುತ್ತಾರೆ. ಅಂಥವಳು ಬಸ್ಸಿಳಿದು ಆ ಕಣಿವೆಗೆ ಕಾಲಿಟ್ಟ ಮೇಲೆ ಅರ್ಧ ಗಂಟೆ ಸುಮ್ಮನಿದ್ದೆ ಅಂದರೆ ನೀವು ನಂಬಬೇಕು. ಸುತ್ತಲೂ ಸುಣ್ಣದ ಕಲ್ಲಿನ ಬೆಟ್ಟಗಳು. ಮಳೆ ಕೊರೆದು ಕೊರೆದು, ಮುದುಕರ ಹಲ್ಲಿನ ಹಾಗೆ ಒಂದಿದ್ದರೆ ಒಂದಿಲ್ಲ. ನಡುವೆ ತಟ್ಟೆಯಲ್ಲಿ ನೀರು ಹಾಕಿಟ್ಟಂತೆ ಭತ್ತದ ಗದ್ದೆ.

ಅಲ್ಲಿರುವುದು ನನ್ನ ಅಕ್ಕ. ಒಡಹುಟ್ಟಿದವಳೇ. ಆದರೆ ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ಅವಳನ್ನು ಮಕ್ಕಳಿಲ್ಲದ ಚಿಕ್ಕಮ್ಮನ ಕೈಗೆ ಕೊಟ್ಟುಬಿಟ್ಟಳು. ನಾನು ಹುಟ್ಟಿದ್ದು ಆಮೇಲೆ. ಯಾರದೋ ಮದುವೆ, ಯಾರದೋ ಸಾವು ಅಂತ ಆಗೊಮ್ಮೆ ಈಗೊಮ್ಮೆ ಅಕ್ಕನನ್ನು ಕಂಡಿದ್ದೇನೆ. ಅವಳು ಮಾತ್ರ ನಲವತ್ತು ವರ್ಷದಲ್ಲಿ ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ಈಗ ಅಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಸೋಮವಾರ ಆಪರೇಷನ್. ಈ ವಯಸ್ಸಿಗೆ ಏನೂ ಹೇಳೋಕಾಗಲ್ಲ ಅಂದಿದ್ದಾರೆ ಡಾಕ್ಟರು. "ದೊಡ್ಡವಳನ್ನ ಕರ್ಕೊಂಡು ಬಾ" ಅಂದಳು ಅಮ್ಮ. ಹೊಲಿಗೆ ಅರ್ಧಕ್ಕೇ ಬಿಟ್ಟು ಹೊರಟೆ.

ಅಕ್ಕ ಗದ್ದೆಯಲ್ಲೇ ಸಿಕ್ಕಳು. ಅಲ್ಲಿ ನೀರು ಬರುವುದು ಬೆಟ್ಟದ ಗುಹೆಯಿಂದ. ಗುಹೆಯ ಬಾಯಲ್ಲೊಂದು ತೂಬು. ಅದರ ಹಲಗೆ ಎತ್ತಿ ಇಳಿಸುವವರು ಭಾವ. ಕೆಳಗೆ ಕೊನೇ ಗದ್ದೆಯಲ್ಲಿ ನಿಂತು, ನೀರು ಕಣಕಾಲು ಮುಟ್ಟಿದ ಕೂಡಲೇ ಕೂಗುವವಳು ಅಕ್ಕ: "ಸಾಕೂ!" ಬೆಟ್ಟಗಳು ಅದನ್ನೇ ಮೂರು ಸಲ ಕೂಗುತ್ತವೆ. 'ಬೇರೆ ಗಂಡಸರಿಗೆ ಹೆಂಡತಿ ಒಂದು ಸಲ ಹೇಳಿದ್ರೆ, ನನಗೆ ನಾಲ್ಕು ಸಲ' ಅನ್ನುವುದು ಭಾವನ ಹಳೇ ಗೋಳು.

ಬಂದ ವಿಷಯ ಹೇಳಿದೆ. ಅಕ್ಕ ಗುದ್ದಲಿಯಿಂದ ಬದುವಿಗೆ ಮಣ್ಣು ಮೆತ್ತುತ್ತಲೇ ಇದ್ದಳು.

"ನಾನು ಬರಲ್ಲ ಕಣೆ. ಊಟ ಮಾಡ್ಕೊಂಡು ಹೋಗು."

"ಸೋಮವಾರ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಆವತ್ತು ನಿಮ್ಮಮ್ಮ ನನ್ನ ಚಿಕ್ಕಮ್ಮನ ಮಡಿಲಲ್ಲಿ ಕೂರಿಸಿ ಒಂದೇ ಮಾತು ಆಡಿದ್ಲು. 'ಸಾಕು.' ತಿರುಗಿ ಕೂಡ ನೋಡ್ದೆ ಹೋದ್ಲು. ಮೂರು ಹೆಣ್ಣಾಗಿದ್ವಲ್ಲ, ಸಾಕಾಗಿತ್ತು. ದಿನಾ ಹತ್ತು ಸಲ ನಾನು ಅದೇ ಮಾತು ಕೂಗ್ತೀನಿ ನೋಡು. ಬೆಟ್ಟ ಅದನ್ನ ನನಗೇ ವಾಪಸ್ ಹೇಳುತ್ತೆ."

ಇಂಥ ಹೊತ್ತಲ್ಲಿ ನನ್ನ ಕೈ ಏನಾದರೂ ಹುಡುಕುತ್ತದೆ. ಕಾಲುವೆ ಅಂಚಿನ ಹುಲ್ಲಲ್ಲಿ ಒಂದು ಬಾತುಮರಿ ಒಂಟಿಯಾಗಿ ಕೀಚುಗುಡುತ್ತಿತ್ತು. ಎತ್ತಿಕೊಂಡೆ.

"ಇದರ ತಾಯಿ ಎಲ್ಲಕ್ಕಾ?"

"ನಿನ್ನೆ ನರಿ ಹೊತ್ಕೊಂಡು ಹೋಯ್ತು."

"ಅಯ್ಯೋ, ಪುಟಾಣಿ! ಎದೆ ಹೇಗೆ ಹೊಡ್ಕೊಳ್ತಿದೆ ನೋಡು. ಏನು ಮಾಡ್ಲಿ ಇದನ್ನ?"

"ಸಾಕು," ಅಂದಳು ಅಕ್ಕ, ತಲೆ ಎತ್ತದೆ.

ನನ್ನ ಮುದ್ದಾಟ ಅತಿಯಾಯಿತು ಅಂದುಕೊಂಡೆ. ಮೊದಲೇ ಸಿಟ್ಟಲ್ಲಿದ್ದಾಳೆ. ಸದ್ದಿಲ್ಲದೆ ಮರಿಯನ್ನು ಕಾಲುವೆಗೆ ಬಿಟ್ಟೆ. ನೀರಿನ ಸೆಳೆತಕ್ಕೆ ಅದು ಬೂರುಗದ ಹತ್ತಿಯ ಹಾಗೆ ತಿರುಗುತ್ತಾ ಹೋಯಿತು. ಅಕ್ಕ ಗುದ್ದಲಿ ಎಸೆದು, ಮೊಣಕಾಲುದ್ದ ಕೆಸರಲ್ಲಿ ಓಡಿ, ಮರಿಯನ್ನು ಬಾಚಿಕೊಂಡಳು.

"ಮಂಕೇ! ನೀರಿಗೆ ಬಿಡ್ತಾರೇನೆ? ಸಾಕು ಅಂದೆ!"

"ಸಾಕು ಅಂದ್ಯಲ್ಲ, ಅದಕ್ಕೇ ಬಿಟ್ಟೆ!"

"ಬಿಡು ಅಂತ ಅಂದ್ನಾ? ಮನೆಗೆ ತಗೊಂಡು ಹೋಗಿ ಸಾಕು ಅಂದೆ! ಕೂಳು ಹಾಕಿ ಸಾಕು ಅಂತ..."

ಅವಳ ಮಾತು ಅಲ್ಲಿಗೇ ನಿಂತಿತು. ನನಗಾದರೂ ಆಗಲೇ ಹೊಳೆದದ್ದು.

ನೀರು ಕಣಕಾಲು ದಾಟಿತು. ಅಕ್ಕ ಕೂಗಲಿಲ್ಲ. ಅವಳು ಮೆತ್ತಿದ ಹಸಿ ಮಣ್ಣಿನ ಮೇಲೆ ನೀರು ಹರಿಯತೊಡಗಿತು. ಮೇಲಿನಿಂದ ಭಾವ ಗಾಬರಿಯಾಗಿ ಕೂಗಿದರು: "ಸಾಕಾ?" ಬೆಟ್ಟಗಳು ಒಂದಾದ ಮೇಲೊಂದು ಅದನ್ನೇ ಕೇಳಿದವು.

ಅಕ್ಕ ಮರಿಯನ್ನು ಸೆರಗಲ್ಲಿ ಒರೆಸುತ್ತಾ, "ಯಾವುದೇ ಅದು?" ಅಂದಳು. "ನಿಮ್ಮಮ್ಮ ಅಂದಿದ್ದು ಯಾವ ಸಾಕು?"

ನನ್ನ ನಾಲಿಗೆಗೆ ಒಂದು ಒಳ್ಳೆಯ ಸುಳ್ಳು ಬಂದಿತ್ತು. ನುಂಗಿಕೊಂಡೆ.

"ನಾನಿನ್ನೂ ಹುಟ್ಟಿರಲಿಲ್ಲ ಅಕ್ಕ. ಚಿಕ್ಕಮ್ಮ ಹೋಗಿ ಆರು ವರ್ಷ ಆಯ್ತು. ಗೊತ್ತಿರೋದು ಒಬ್ಬಳಿಗೇ."

"ಅವಳಿಗೆ ಕಿವಿ ಕೇಳಿಸುತ್ತಾ?"

"ಬೇಕಾದ್ದು ಕೇಳಿಸುತ್ತೆ."

"ನಾನು ಇಷ್ಟು ದಿನ ಅಂದ್ಕೊಂಡಿದ್ದೇ ಅಂತ ಅಂದ್ರೆ, ಮುಂದಿನ ಬಸ್ಸಿಗೇ ವಾಪಸ್ ಬರ್ತೀನಿ."

"ಬಾ. ನಾನೇ ಹತ್ತಿಸ್ತೀನಿ."

ಅಷ್ಟರಲ್ಲಿ ಭಾವ ತಾವೇ ಹಲಗೆ ಇಳಿಸಿ, ಬೈಯುತ್ತಾ ಬದುವಿನ ಮೇಲೆ ಓಡಿಬಂದರು. ಒಡೆದ ಬದು, ನೆನೆದ ಹೆಂಡತಿ, ಅಳುಮುಖದ ನಾದಿನಿ ಎಲ್ಲವನ್ನೂ ನೋಡಿ ಬಾಯಿ ಮುಚ್ಚಿಕೊಂಡರು. ಅಕ್ಕ ಮರಿಯನ್ನು ಅವರ ಅಂಗೈಯಲ್ಲಿಟ್ಟಳು.

"ಮೂರು ದಿನ ಊರಿಗೆ ಹೋಗಿ ಬರ್ತೀನಿ."

"ಇದನ್ನೇನು ಮಾಡ್ಲಿ?"

ಅಕ್ಕ ಬಾಯಿ ತೆರೆದಳು, ನನ್ನ ಕಡೆ ನೋಡಿದಳು.

"ಒಲೆ ಪಕ್ಕ ಬುಟ್ಟೀಲಿ ಇಟ್ಟು, ನುಚ್ಚು ನೆನೆಸಿ ಹಾಕಿ," ಅಂದಳು, ಒಂದೊಂದೇ ಮಾತು ಬಿಡಿಸಿ. "ನಾನು ಬರೋವರೆಗೂ ಕೈಬಿಡಬೇಡಿ."